ಖುಕ್ರಿಯ ನಾವಿಕನಿಗೆ, ತುಂಬದ ದಂಡೆಯಿಂದ

ಅಣ್ಣಾ,

1971ರ ಡಿಸೆಂಬರ್ 9ರ ರಾತ್ರಿ, 8.50ರ ಸುಮಾರಿಗೆ, ದೀವ್ ತೀರದಿಂದ 40 ನಾಟಿಕಲ್ ಮೈಲಿಯಷ್ಟು ಆಚೆ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಮುಳುಗಿತು. ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪಿಡೊ ಬಡಿದ ಮೇಲೆ ಹಡಗು ಕಣ್ಮರೆಯಾಗಲು ಕೆಲವೇ ನಿಮಿಷ ಹಿಡಿಯಿತು. 18 ಅಧಿಕಾರಿಗಳು, 176 ನಾವಿಕರು ಅದರ ಜೊತೆಗೇ ಹೋದರು. ಆ 176 ಜನರಲ್ಲಿ ಒಬ್ಬನಿಗೆ ಈ ಕಾಗದ. ಹೆಸರು ಹಾಕುವುದಿಲ್ಲ. ನಿಮ್ಮ ಮನೆಗಳಲ್ಲಿ ಹೆಂಡತಿಯರು, ತಂಗಿಯರು ಇನ್ನೂ ಇದ್ದಾರೆ, ಅವರನ್ನು ಕೇಳದೆ ಹೆಸರು ಎತ್ತುವ ಹಕ್ಕು ನನಗಿಲ್ಲ. ನಿನ್ನ ಊರು ತಿರುವನಂತಪುರದ ಕಡೆಯ ತುಂಬ ಎಂದು ಇಟ್ಟುಕೊಳ್ಳುತ್ತೇನೆ. ಪೂಂದುರಾ ಎಂದರೂ ಆದೀತು, ಮಲ್ಪೆ ಎಂದರೂ ಆದೀತು, ಈ ಕರಾವಳಿಯ ಹುಡುಗರು ಸಮವಸ್ತ್ರ ತೊಟ್ಟು ಹಡಗು ಹತ್ತುವುದು ಇವತ್ತು ನಿನ್ನೆಯದಲ್ಲ. ನಿನ್ನ ಕೆಲಸವನ್ನು ಮಾತ್ರ ನಾನೇ ಗೊತ್ತುಮಾಡಿಕೊಂಡಿದ್ದೇನೆ. ನೀನು ಸೋನಾರ್‌ನವನು. ಹೆಡ್‌ಫೋನ್ ಏರಿಸಿಕೊಂಡು ನೀರೊಳಗಿನ ಸದ್ದು ಆಲಿಸುವವನು. ನಾನು ಹೇಳಬೇಕೆಂದಿರುವ ಮಾತೆಲ್ಲ ಆ ಕಿವಿಗೇ ಸಂಬಂಧಪಟ್ಟದ್ದು.

ನಾನು ಕರಾವಳಿ ಕನ್ನಡದವನು. ಹೊಟ್ಟೆಪಾಡಿಗೆಂದು ತಿರುವನಂತಪುರಕ್ಕೆ ಬಂದವನು ಇಲ್ಲಿಯವನೇ ಆಗಿಬಿಟ್ಟೆ. ಸಂಜೆ ಕಾಲಾಡಿಸಲು ಹೋಗುವುದು ತುಂಬದ ಕಡೆಯ ದಂಡೆಗೆ. ತುಂಬ ಎಂದರೆ ಲೋಕಕ್ಕೆಲ್ಲ ರಾಕೆಟ್. 1963ರ ನವೆಂಬರ್ 21ರಂದು ಇಲ್ಲಿಂದ ಅಮೆರಿಕದ ನೈಕಿ-ಅಪಾಚೆ ರಾಕೆಟ್ ಮೇಲೇರಿತು. ಸಂತ ಮೇರಿ ಮಗ್ದಲೀನಳ ಇಗರ್ಜಿಯನ್ನೂ ಸುತ್ತಲಿನ ಮೀನುಗಾರರ ನೆಲವನ್ನೂ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ವಿಜ್ಞಾನಿಗಳಿಗೆ ಬಿಟ್ಟುಕೊಟ್ಟ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆ ಇಗರ್ಜಿ ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ. ನಿನ್ನ ಹಡಗು ಮುಳುಗಿ ಮೂರು ವಾರಕ್ಕೆ, 1971ರ ಡಿಸೆಂಬರ್ 30ರಂದು, ವಿಕ್ರಮ್ ಸಾರಾಭಾಯಿ ಇಲ್ಲೇ ಕೋವಳಂನಲ್ಲಿ ತೀರಿಕೊಂಡರು. ಆ ಡಿಸೆಂಬರನ್ನು ಇಲ್ಲಿಯವರು ನೆನೆಯುವುದು ಅವರ ಹೆಸರು ಹೇಳಿ. ಅದು ಸರಿಯೇ. ಆಕಾಶ ನೋಡಿ ಅಭ್ಯಾಸವಾದ ಊರಿಗೆ ನೀರಿನಡಿಯ ಸುದ್ದಿ ಬೇಗ ಮರೆತುಹೋಗುತ್ತದೆ, ಅಷ್ಟೆ.

2025ರ ಡಿಸೆಂಬರ್ 3ರಂದು ತುಂಬದಿಂದ ಹೆಚ್ಚು ದೂರವಿಲ್ಲದ ಶಂಖುಮುಗಂ ಕಡಲತೀರದಲ್ಲಿ ನೌಕಾಪಡೆಯ ದೊಡ್ಡ ಪ್ರದರ್ಶನ ನಡೆಯಿತು. ರಾಷ್ಟ್ರಪತಿ ದ್ರೌಪದಿ ಮುರ್ಮು ಬಂದಿದ್ದರು. ಯುದ್ಧನೌಕೆಗಳು ಸಾಲುಗಟ್ಟಿದವು, ಹೆಲಿಕಾಪ್ಟರುಗಳು ತಲೆಯ ಮೇಲೇ ಹಾದುಹೋದವು. ಕಡಲೆಕಾಯಿ ಮಾರುವವರಿಗೆ ಒಳ್ಳೆಯ ವ್ಯಾಪಾರ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರ ಹಿಂದೆ ನಿಂತು ನಾನೂ ಇಣುಕಿದೆ. ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ನೌಕಾಪಡೆಯ ದಿನ ಡಿಸೆಂಬರ್ 4. 1971ರಲ್ಲಿ ಅದೇ ದಿನ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಎರಗಿದ್ದರ ನೆನಪಿಗೆ ಅದನ್ನು ಆಚರಿಸುತ್ತಾರೆ. ಆಪರೇಷನ್ ಟ್ರೈಡೆಂಟ್. ನಿಪಾಟ್, ನಿರ್ಘಾಟ್, ವೀರ್ ಎಂಬ ಮೂರು ದೋಣಿಗಳು. ಅದಾಗಿ ಐದು ದಿನಕ್ಕೆ ನಿಮ್ಮದು. ಸ್ವತಂತ್ರ ಭಾರತದ ನೌಕಾಪಡೆ ಯುದ್ಧದಲ್ಲಿ ಕಳೆದುಕೊಂಡ ಒಂದೇ ಒಂದು ಯುದ್ಧನೌಕೆ ಖುಕ್ರಿ. ಎರಡನೇ ಮಹಾಯುದ್ಧದ ನಂತರ ಲೋಕದಲ್ಲೇ ಜಲಾಂತರ್ಗಾಮಿಯೊಂದು ಮುಳುಗಿಸಿದ ಮೊದಲ ಯುದ್ಧನೌಕೆಯೂ ಅದೇ. ಐದು ದಿನದ ಅಂತರದಲ್ಲಿ ಬರುವ ಈ ಎರಡು ತಾರೀಕುಗಳಲ್ಲಿ ಮೊದಲನೆಯದಕ್ಕೆ ಪಟಾಕಿ, ಎರಡನೆಯದಕ್ಕೆ ಪುಷ್ಪಚಕ್ರ. ಎರಡನೆಯದನ್ನು ನಾಗರಿಕರಾದ ನಾವು ನೋಡುವುದೇ ಇಲ್ಲ.

ನಿನಗೆ ಗೊತ್ತಿರದ ಕೆಲವು ಸಂಗತಿಗಳು ಆಮೇಲೆ ನಮಗೆ ಗೊತ್ತಾದವು. ಹ್ಯಾಂಗೊರ್ ಎಂಬ ಪಾಕಿಸ್ತಾನದ ಜಲಾಂತರ್ಗಾಮಿ ನವೆಂಬರ್ ತಿಂಗಳಲ್ಲೇ ಕರಾಚಿಯಿಂದ ಹೊರಟಿತ್ತು. ಫ್ರಾನ್ಸಿನಲ್ಲಿ ಕಟ್ಟಿದ ಡಾಫ್ನೆ ಮಾದರಿಯದು, ಆಗ ಹೊಸದು. ಡಿಸೆಂಬರ್ 2–3ರ ರಾತ್ರಿ ನಮ್ಮ ಹಡಗುಗಳ ದೊಡ್ಡ ಗುಂಪು ಅದರ ಸಮೀಪವೇ ಹಾದುಹೋಯಿತಂತೆ. ಯುದ್ಧ ಘೋಷಣೆಯಾಗಿರಲಿಲ್ಲ, ಗುಂಡು ಹಾರಿಸಲು ಅಪ್ಪಣೆ ಇರಲಿಲ್ಲ, ಸುಮ್ಮನೆ ನೋಡುತ್ತ ಕುಳಿತರು. ಅದರ ಕಮಾಂಡರ್ ಅಹ್ಮದ್ ತಸ್ನೀಮ್ ಇದನ್ನು ಮುಂದೆ ಹೇಳಿಕೊಂಡಿದ್ದಾರೆ. ಬಳಿಕ ಆ ಜಲಾಂತರ್ಗಾಮಿಯಿಂದ ಹೊರಟ ರೇಡಿಯೊ ಸಂದೇಶಗಳನ್ನು ನಮ್ಮವರು ಹಿಡಿದರು. ದೀವ್ ಹತ್ತಿರ ಏನೋ ಇದೆ ಎಂಬುದು ಖಾತ್ರಿಯಾಯಿತು. ಡಿಸೆಂಬರ್ 8ರಂದು ಮುಂಬಯಿಯಿಂದ ನಿಮ್ಮನ್ನು ಕಳಿಸಿದರು. ಖುಕ್ರಿ ಮತ್ತು ಕಿರ್ಪಾಣ್. ನಿಮ್ಮ ಮೂರನೆಯ ಸೋದರಿ ಕುಠಾರ್ ಜೊತೆಗಿರಲಿಲ್ಲ. ಎಲ್ಲವೂ ಬ್ರಿಟನ್ನಿನಲ್ಲಿ ಕಟ್ಟಿದ ಬ್ಲ್ಯಾಕ್‌ವುಡ್ ಮಾದರಿಯ ಚಿಕ್ಕ ಫ್ರಿಗೇಟುಗಳು. ಖುಕ್ರಿ ಸೇವೆಗೆ ಬಂದದ್ದು 1958ರಲ್ಲಿ. ಬೇಟೆಗೆ ಹೊರಟವರು ನೀವು ಎಂದುಕೊಂಡಿದ್ದಿರಿ. 9ರ ಬೆಳಿಗ್ಗೆಯಿಂದ ನಿಮ್ಮ ಜಾಡು ಹಿಡಿದಿದ್ದವರು ಅವರು.

ಈಗ ಆ ಕಿವಿಯ ವಿಷಯ. ನಾನು ಇದನ್ನು ತಿಳಿದುಕೊಂಡದ್ದು ನಿವೃತ್ತ ಸೋನಾರ್ ನಾವಿಕರೊಬ್ಬರಿಂದ. ಕೊಚ್ಚಿಯ ತೋಪ್ಪುಂಪಡಿ ಕಡೆಯವರು, ಚಹಾ ಆರಿಹೋಗುವವರೆಗೂ ಮಾತಾಡುವವರು. ನಿನಗೆ ನಾನು ನಿನ್ನ ಕಸುಬನ್ನೇ ವಿವರಿಸುವುದು ಅಧಿಕಪ್ರಸಂಗ. ಆದರೂ ಈ ಕಾಗದವನ್ನು ಬೇರೆಯವರೂ ಓದುತ್ತಾರೆ, ಸಹಿಸಿಕೋ.

ಹಡಗಿನ ಹೊಟ್ಟೆಯಡಿಯಿಂದ ನೀರಿಗೆ ಒಂದು ಸದ್ದು ಬಿಡುತ್ತಾರೆ. ಪಿಂಗ್. ಸಮುದ್ರದಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಎದುರಿಗೆ ಏನಾದರೂ ಸಿಕ್ಕರೆ ಅದಕ್ಕೆ ಬಡಿದು ಮರಳುತ್ತದೆ. ಹೋಗಿಬರಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ. ಮರಳಿದ ಸದ್ದಿನ ಸ್ವರ ತುಸು ಏರಿದ್ದರೆ ಆ ವಸ್ತು ಹತ್ತಿರ ಬರುತ್ತಿದೆ, ಇಳಿದಿದ್ದರೆ ದೂರ ಸರಿಯುತ್ತಿದೆ. ಕೇಳಲು ಸುಲಭ. ಆದರೆ ಸದ್ದನ್ನು ಮರಳಿಸುವುದಕ್ಕೆ ಸಮುದ್ರದಲ್ಲಿ ಜಲಾಂತರ್ಗಾಮಿ ಒಂದೇ ಇಲ್ಲವಲ್ಲ. ಬೂತಾಯಿಯ ದೊಡ್ಡ ಹಿಂಡು ಮರಳಿಸುತ್ತದೆ, ತಿಮಿಂಗಿಲ ಮರಳಿಸುತ್ತದೆ, ಎಂದೋ ಮುಳುಗಿದ ಹಡಗಿನ ಅಸ್ಥಿಪಂಜರ ಮರಳಿಸುತ್ತದೆ, ದೀವ್ ಕಡೆಯಂಥ ಆಳವಿಲ್ಲದ ಕಡಲಲ್ಲಿ ತಳವೂ ಮರಳಿಸುತ್ತದೆ. ಇಷ್ಟೆಲ್ಲ ಗದ್ದಲದ ನಡುವೆ ಉಕ್ಕಿನ ಸದ್ದು ಯಾವುದು ಎಂದು ಆರಿಸಿ ಹೇಳಬೇಕಾದವನು ಇಪ್ಪತ್ತು ಇಪ್ಪತ್ತೆರಡರ ಹುಡುಗ. ಒಂದು ಪಾಳಿ ಮುಗಿಯುವ ಹೊತ್ತಿಗೆ ತಲೆಯೊಳಗೇ ಪಿಂಗ್ ಹೊಡೆಯುತ್ತಿರುತ್ತಿತ್ತಂತೆ. ಮಲಗಿದರೂ ನಿಲ್ಲುತ್ತಿರಲಿಲ್ಲವಂತೆ.

ಇನ್ನೊಂದು ತೊಡಕು ನೀರಿನ ಬಿಸಿಯದು. ಬೆಚ್ಚನೆಯ ನೀರಿನಲ್ಲಿ ಸದ್ದು ಬೇಗ ಓಡುತ್ತದೆ, ತಣ್ಣೀರಿನಲ್ಲಿ ನಿಧಾನ. ಹಾಗಾಗಿ ಬಿಸಿಲಿಗೆ ಕಾದ ಮೇಲುಪದರದಿಂದ ಹೊರಟ ಸದ್ದು ನೆಟ್ಟಗೆ ಹೋಗದೆ ತಣ್ಣನೆಯ ಕಡೆಗೆ ಬಾಗುತ್ತದೆ. ಬಾಗಿದ ಸದ್ದು ತಲುಪದ ಜಾಗಗಳು ಸಮುದ್ರದಲ್ಲಿ ಉಳಿಯುತ್ತವೆ. ಅನುಭವವಿರುವ ಜಲಾಂತರ್ಗಾಮಿಯವನು ಆ ನೆರಳಿನಲ್ಲಿ ನುಸುಳುತ್ತಾನೆ. ಉತ್ತರ ಅಟ್ಲಾಂಟಿಕದ ತಣ್ಣೀರಿಗೆಂದು ಬ್ರಿಟಿಷರು ಮಾಡಿದ ಯಂತ್ರಗಳನ್ನೇ ನಾವು ಉಷ್ಣವಲಯದ ಕಡಲಿಗೆ ತಂದು ಹಾಕಿಕೊಂಡಿದ್ದೆವು. ನಿನ್ನ ಮುಂದಿದ್ದ 170, 174 ಎಂಬ ಸೋನಾರುಗಳು ಆ ಕಾಲದವು.

ಎಲ್ಲಕ್ಕಿಂತ ಅನ್ಯಾಯದ ಲೆಕ್ಕ ಮುಂದಿನದು. ನಿನ್ನ ಪಿಂಗ್ ಜಲಾಂತರ್ಗಾಮಿಗೆ ಬಡಿದು ನಿನ್ನ ಕಿವಿಗೆ ಮರಳಲು ಎರಡು ಪ್ರಯಾಣ ಮಾಡಬೇಕು, ದಾರಿಯುದ್ದಕ್ಕೂ ಸೊರಗುತ್ತ. ಜಲಾಂತರ್ಗಾಮಿಯವನಿಗೆ ಒಂದೇ ಪ್ರಯಾಣದ ಸದ್ದು ಸಾಕು. ಬ್ಯಾಟರಿಯ ಮೇಲೆ ಸದ್ದಿಲ್ಲದೆ ನಿಂತು, ತಾನು ಏನನ್ನೂ ಬಿಡದೆ, ಬರೀ ಕೇಳುತ್ತಾನೆ. ಕತ್ತಲೆಯ ಅಡಿಕೆ ತೋಟದಲ್ಲಿ ಟಾರ್ಚು ಹಿಡಿದು ಕಳ್ಳನನ್ನು ಹುಡುಕುವವನಿಗೆ ಎಂಟು ಹತ್ತು ಮರದಾಚೆ ಕಾಣದು, ಟಾರ್ಚು ಹಿಡಿದವನು ಮಾತ್ರ ಇಡೀ ತೋಟಕ್ಕೇ ಕಾಣುತ್ತಾನೆ. ಟಾರ್ಚು ಹಿಡಿದವನಿಗೆ ಉಳಿದಿರುವ ರಕ್ಷಣೆ ಎರಡೇ. ಒಂದು, ಜೋರಾಗಿ ಓಡುವುದು. ಇನ್ನೊಂದು, ಅಂಕುಡೊಂಕಾಗಿ ಓಡುವುದು.

ಖುಕ್ರಿ ಆ ರಾತ್ರಿ ಜೋರಾಗಿ ಓಡುತ್ತಿರಲಿಲ್ಲ. ಇದು ಗಾಳಿಮಾತು ಅಂದುಕೊಳ್ಳಬೇಡ. ವೈಸ್ ಅಡ್ಮಿರಲ್ ಜಿ. ಎಂ. ಹಿರಾನಂದಾನಿ ಬರೆದ ನೌಕಾಪಡೆಯ ಇತಿಹಾಸದಲ್ಲೇ ಈ ಚರ್ಚೆ ಇದೆ. ನಿಮ್ಮ ಹಡಗಿನಲ್ಲಿ ಲೆಫ್ಟಿನೆಂಟ್ ವಿ. ಕೆ. ಜೈನ್ ಎಂಬ ತರುಣ ಅಧಿಕಾರಿ ಇದ್ದರು. ಸೋನಾರ್ ಇನ್ನಷ್ಟು ದೂರ ಕೇಳುವಂತೆ ಮಾಡುವ ಉಪಕರಣವೊಂದನ್ನು ಅವರು ರೂಪಿಸಿದ್ದರು, ಅದನ್ನು ಪ್ರಯೋಗಿಸಿ ನೋಡುತ್ತಿದ್ದರು. ಅದು ಸರಿಯಾಗಿ ಕೆಲಸ ಮಾಡಬೇಕಾದರೆ ಹಡಗು ವೇಗ ತಗ್ಗಿಸಬೇಕಿತ್ತು. ಓಡಿದರೆ ಕಿವುಡು, ನಿಧಾನಿಸಿದರೆ ಗುರಿ. ಯುದ್ಧದ ನಟ್ಟನಡುವೆ, ಶತ್ರು ಹೊಂಚು ಹಾಕಿದ್ದಾನೆಂದು ಗೊತ್ತಿರುವ ನೀರಿನಲ್ಲಿ ಪ್ರಯೋಗಕ್ಕೆ ಒಪ್ಪಿದ್ದು ತಪ್ಪೇ? ಕಿವಿ ಸರಿಯಿಲ್ಲದ ಹಡಗಿಗೆ ಬೇರೆ ದಾರಿ ಏನಿತ್ತು? ಜೈನ್ ಅವರೂ ನಿಮ್ಮ ಜೊತೆಗೇ ಹೋದರು. ಅವರ ಮೇಲೆ ಬೆರಳು ಮಾಡಿ ಕೈ ತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಧುನಿಕ ಜಲಾಂತರ್ಗಾಮಿಯ ಎದುರಿಗೆ ಹನ್ನೆರಡು ಹದಿಮೂರು ವರ್ಷ ಹಳೆಯ, ಮಂದಗಿವಿಯ ಎರಡು ಹಡಗುಗಳನ್ನು ಕಳಿಸಿದ ತೀರ್ಮಾನ ಹಡಗಿನಲ್ಲಿ ಆದದ್ದಲ್ಲ, ದಡದಲ್ಲಿ ಆದದ್ದು. ಅದಕ್ಕೂ ಹಿಂದೆ, ವರ್ಷವರ್ಷದ ಬಜೆಟ್ಟಿನಲ್ಲಿ ನೌಕಾಪಡೆಯನ್ನು ಕೊನೆಯ ಪಂಕ್ತಿಯಲ್ಲಿ ಕೂರಿಸಿದ್ದು ದಿಲ್ಲಿ. ನನ್ನ ತೀರ್ಪು ಇಷ್ಟು. ನೀನು ಕೇಳಿಸಿಕೊಳ್ಳಲು ತಪ್ಪಿದವನಲ್ಲ, ಕೇಳಿಸದ ಯಂತ್ರ ಕೊಟ್ಟು ನಿನ್ನನ್ನು ಕೂರಿಸಿದರು.

ಹ್ಯಾಂಗೊರ್ ಮೊದಲ ಟಾರ್ಪಿಡೊ ಬಿಟ್ಟದ್ದು ಕಿರ್ಪಾಣ್ ಕಡೆಗೆ, ಅದು ಸಿಡಿಯಲಿಲ್ಲ. ಎರಡನೆಯದು ನಿಮಗೆ. ರೇಡಿಯೊದಲ್ಲಿ ವಾರ್ತೆ ಬರುತ್ತಿದ್ದ ಹೊತ್ತು ಎಂದು ಬದುಕಿ ಬಂದವರು ನೆನೆದಿದ್ದಾರೆ. ದೀಪ ಹೋಯಿತು, ಹಡಗು ವಾಲಿತು, ಕೆಳಗಿದ್ದವರಿಗೆ ಇಕ್ಕಟ್ಟಿನ ಏಣಿಗಳೇ ಗತಿ. ನೀರಿನ ಮೇಲೆಲ್ಲ ಎಣ್ಣೆ. ಕಿರ್ಪಾಣ್ ತನ್ನ ಕಡೆಗೆ ಬಂದ ಮೂರನೆಯ ಟಾರ್ಪಿಡೊದಿಂದ ತಪ್ಪಿಸಿಕೊಂಡಿತು. ಮಾರನೆಯ ದಿನ ಐಎನ್‌ಎಸ್ ಕಚಲ್ ಬಂದು ಬದುಕಿದ್ದವರನ್ನು ಎತ್ತಿಕೊಂಡಿತು. ಆರು ಅಧಿಕಾರಿಗಳು, 61 ನಾವಿಕರು.

ಖುಕ್ರಿ ಎಂದರೆ ಈಗ ಎಲ್ಲರಿಗೂ ನೆನಪಾಗುವುದು ನಿಮ್ಮ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ. ತಮ್ಮ ಲೈಫ್ ಜಾಕೆಟನ್ನು ನಾವಿಕನೊಬ್ಬನಿಗೆ ಕೊಟ್ಟು, ಆದಷ್ಟು ಜನರನ್ನು ನೀರಿಗೆ ತಳ್ಳಿ ಉಳಿಸಿ, ತಾವು ಹಡಗು ಬಿಡದೆ ಹೋದವರು. ಮಹಾವೀರ ಚಕ್ರ ಬಂತು. ನಿವೃತ್ತ ಸೇನಾಧಿಕಾರಿ ಇಯಾನ್ ಕಾರ್ಡೋಜೊ ಬದುಕುಳಿದವರ ಮಾತುಗಳನ್ನೇ ಸೇರಿಸಿ ಪುಸ್ತಕ ಮಾಡಿದರು. ಮುಲ್ಲಾ ಅವರ ದೊಡ್ಡತನದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಒಬ್ಬ ನಾಯಕನ ಕಥೆ ಎಷ್ಟು ಚೆನ್ನಾಗಿದೆಯೆಂದರೆ ಮಿಕ್ಕ 193 ಜನರ ಕಥೆ ಕೇಳುವ ಗೋಜಿಗೇ ಯಾರೂ ಹೋಗಲಿಲ್ಲ. ಲೈಫ್ ಜಾಕೆಟ್ ಪಡೆದವನ ಮುಂದಿನ ಬದುಕು ಹೇಗಿತ್ತು? ಅಡುಗೆಮನೆಯಲ್ಲಿದ್ದವರು, ಬಾಯ್ಲರ್ ಕೋಣೆಯಲ್ಲಿದ್ದವರು ಯಾವ ಊರಿನವರು? ಹಡಗಿನ ಜೊತೆ ಮುಳುಗಿದ ಕ್ಯಾಪ್ಟನ್ ಎಂಬ ಭವ್ಯ ಚಿತ್ರವನ್ನು ಗೋಡೆಗೆ ತೂಗುಹಾಕಿದ ಮೇಲೆ ಹಡಗು ಯಾಕೆ ನಿಧಾನವಾಗಿತ್ತು ಎಂಬ ಪ್ರಶ್ನೆಯೂ ಚಿತ್ರದ ಹಿಂದೆ ಹೋಗಿಬಿಡುತ್ತದೆ. ಮುಲ್ಲಾ ಅವರೇ ಬದುಕಿದ್ದರೆ ಅದನ್ನು ಮೊದಲು ಕೇಳುತ್ತಿದ್ದರೋ ಏನೋ.

ನಿನಗೆ ಖುಷಿ ಕೊಡಬಹುದಾದ ಸುದ್ದಿಯೂ ಇದೆ, ಅದು ಕೊಚ್ಚಿಯದು.

ಜಲಾಂತರ್ಗಾಮಿ ಬೇಟೆಯ ವಿದ್ಯೆ ಕಲಿಸುವ ಶಾಲೆ ನಿನ್ನ ಕಾಲದಲ್ಲೂ ಕೊಚ್ಚಿಯ ನೌಕಾನೆಲೆಯಲ್ಲೇ ಇತ್ತು. ವೆಂಡುರುತ್ತಿ ಸೇತುವೆ ದಾಟಿ, ವಿಲ್ಲಿಂಗ್ಡನ್ ದ್ವೀಪದ ಗಾಳಿ ಕುಡಿದು, ಮೊದಲ ಪಿಂಗ್ ಕೇಳಿದ್ದು ನೀನೂ ಅಲ್ಲೇ ಇರಬೇಕು. ಅದೇ ನೆಲೆಯಲ್ಲಿ 1952ರಿಂದ ನೌಕಾಪಡೆಯ ಒಂದು ಚಿಕ್ಕ ಪ್ರಯೋಗಾಲಯವೂ ಇತ್ತು. ಮುಂದೆ ಅದು ರಕ್ಷಣಾ ಸಂಶೋಧನಾ ಸಂಸ್ಥೆಯ ಎನ್‌ಪಿಒಎಲ್ ಆಯಿತು, ಈಗ ತೃಕ್ಕಾಕರದಲ್ಲಿದೆ. ಖುಕ್ರಿ ಹೋದ ಮೇಲೆ ನೌಕಾಪಡೆ ತನ್ನ ಕಿವಿಯ ಚಿಕಿತ್ಸೆಗೆ ಹೊರಟಿತು. ಆಗ ಮುಂದೆ ಬಂದವರು ಆರೋಗ್ಯಸ್ವಾಮಿ ಪೌಲ್‌ರಾಜ್ ಎಂಬ ನೌಕಾಧಿಕಾರಿ. ಐಐಟಿ ದಿಲ್ಲಿಯಲ್ಲಿ ಕುಳಿತು, ನಿನ್ನ ಮುಂದಿದ್ದ ಅದೇ 170 ಸೋನಾರಿಗೆ ಹೊಸ ಸಂಸ್ಕರಣ ವಿಧಾನ ಕಂಡುಹಿಡಿದರು. ಬಳಿಕ ಕೊಚ್ಚಿಗೆ ಬಂದು ಪೂರ್ತಿ ದೇಶೀಯ ಸೋನಾರೊಂದನ್ನೇ ಕಟ್ಟಿದ ತಂಡದ ಮುಂದಾಳಾದರು. ಆಪ್ಸೊ ಎಂದು ಅದರ ಹೆಸರು. 1983ರಲ್ಲಿ ಐಎನ್‌ಎಸ್ ಹಿಮಗಿರಿಯ ಮೇಲೆ ಪರೀಕ್ಷೆಯಾಯಿತು. ನಮ್ಮದೇ ಬೆಚ್ಚನೆಯ ಕಡಲಿಗೆ ಹೊಂದುವಂತೆ ಮಾಡಿದ್ದು. ಅದನ್ನು ತಯಾರಿಸಿದವರು ಯಾರು ಗೊತ್ತೇ? ಬೆಂಗಳೂರಿನ ಬಿಇಎಲ್. ಪೌಲ್‌ರಾಜ್ ಆಮೇಲೆ ಅಮೆರಿಕಕ್ಕೆ ಹೋಗಿ, ಇಂದು ಎಲ್ಲರ ಜೇಬಿನಲ್ಲಿರುವ ಮೊಬೈಲು, ಮನೆಯ ವೈಫೈ ಓಡುವ ಹಲವು ಆಂಟೆನಾಗಳ ತಂತ್ರವನ್ನು ಕಂಡುಹಿಡಿದು ಜಗತ್ಪ್ರಸಿದ್ಧರಾದರು. ಅವರ ಮೊದಲ ದೊಡ್ಡ ಕೆಲಸ ಹುಟ್ಟಿದ್ದು ನಿಮ್ಮ ಸಾವಿನಿಂದ. ಈ ಮಾತನ್ನು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಯಾರಾದರೂ ಹೇಳುತ್ತಾರೋ ಇಲ್ಲವೋ!

ಇನ್ನೂ ಇದೆ. ಆಳವಿಲ್ಲದ ಕರಾವಳಿ ನೀರಿನಲ್ಲಿ ಜಲಾಂತರ್ಗಾಮಿ ಹುಡುಕಲೆಂದೇ ಕೊಚ್ಚಿ ಶಿಪ್‌ಯಾರ್ಡ್ ಎಂಟು ಚಿಕ್ಕ ಹಡಗುಗಳನ್ನು ಕಟ್ಟುತ್ತಿದೆ. ನೀನು ಹೋದದ್ದು ಅಂಥ ನೀರಿನಲ್ಲೇ. ಮೊದಲನೆಯದು ಐಎನ್‌ಎಸ್ ಮಾಹೆ, 2025ರ ನವೆಂಬರ್ 24ರಂದು ಸೇವೆಗೆ ಸೇರಿತು. 2024ರ ಸೆಪ್ಟೆಂಬರ್ 9ರಂದು ಕೊಚ್ಚಿಯಲ್ಲಿ ನೀರಿಗಿಳಿದ ಎರಡರ ಹೆಸರು ಕೇಳು: ಮಲ್ಪೆ ಮತ್ತು ಮೂಲ್ಕಿ. ನಮ್ಮೂರ ಬಂದರುಗಳು. ಬೂತಾಯಿ, ಬಂಗುಡೆ ಇಳಿಸುವ ದಕ್ಕೆಗಳ ಹೆಸರು ಯುದ್ಧನೌಕೆಯ ಮೇಲೆ ಏರಿದ್ದನ್ನು ಪತ್ರಿಕೆಯಲ್ಲಿ ಕಂಡು ನಾನು ಹೆಂಡತಿಗೆ ಓದಿ ಹೇಳಿದೆ. ಆ ಹಡಗುಗಳಲ್ಲಿ ಕಿವಿಗೊಟ್ಟು ಕೂರುವ ಹುಡುಗನಿಗೆ ನಿನಗಿಂತ ಒಳ್ಳೆಯ ಯಂತ್ರ ಸಿಕ್ಕಿದೆ. ಅವನಿಗೆ ನಿನ್ನ ಹೆಸರು ಗೊತ್ತಿರಬೇಕು ಎಂಬುದಷ್ಟೇ ನನ್ನ ಆಸೆ.

ನಿನ್ನ ಮನೆಯವರ ಬಗ್ಗೆ ಬರೆಯಲು ಕೈ ಹಿಂದೆಗೆಯುತ್ತದೆ. ಹಡಗು ತಳದಲ್ಲೇ ಉಳಿಯಿತು, ದೇಹ ಮರಳಲಿಲ್ಲ. ಕಡಲ ದಂಡೆಯವರಿಗೆ ಇದು ಹೊಸದಲ್ಲ, ಆದರೆ ಅಭ್ಯಾಸವಾಗುವಂಥದ್ದೂ ಅಲ್ಲ. 2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಬಂದಾಗ ಪೂಂದುರಾ, ವಿಳಿಂಜಂ ಕಡೆಯ ಎಷ್ಟೋ ದೋಣಿಗಳು ಮರಳಲಿಲ್ಲ. ಇಗರ್ಜಿಯ ಮುಂದೆ, ಮರಳಿನ ಮೇಲೆ ಕುರ್ಚಿ ಹಾಕಿಕೊಂಡು ಹೆಂಗಸರು ವಾರಗಟ್ಟಲೆ ಕುಳಿತದ್ದನ್ನು ಕಂಡೆ. ನೌಕಾಪಡೆಯ ಹಡಗುಗಳಲ್ಲಿ ಮೀನುಗಾರರನ್ನೇ ಹತ್ತಿಸಿಕೊಂಡು ಹುಡುಕಿದರು. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತನೆಂದು ತಿಳಿಯಬಹುದು ಎನ್ನುತ್ತದೆ ನಮ್ಮ ಸಾಕ್ಷ್ಯ ಕಾನೂನು, ಮನಸ್ಸು ಹಾಗೆ ತಿಳಿಯುವುದಿಲ್ಲ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಸರ್ಕಾರದ ಪರಿಹಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಒಪ್ಪಲೇ ಇಲ್ಲ. ಒತ್ತಿದರೆ ತಾನೇ ಮಗನನ್ನು ಕೊಂದಂತೆ ಎಂದರು. ಪಕ್ಕದ ಮನೆಯವರು ಬಂದು ಬುದ್ಧಿ ಹೇಳಿದರು, ಬೈದರು, ಅತ್ತರು. ಕೊನೆಗೆ ಸೊಸೆಯ ಮುಖ ನೋಡಿ ಅಜ್ಜಿ ಒತ್ತಿದರು.

1971ರ ಮನೆಗಳಲ್ಲೂ ಹೀಗೇ ನಡೆದಿರಬೇಕು. ಆಗ ಈ ಕಡೆ ಟೀವಿ ಇರಲಿಲ್ಲ, ಫೋನು ಊರಿಗೊಂದು. ತಂತಿ ಬರುವುದು, ಅಂಚೆಯವನು ಬಾಗಿಲಲ್ಲಿ ಸೈಕಲ್ ನಿಲ್ಲಿಸುವುದು. ಖುಕ್ರಿಯ ಮರುದಿನ, ಡಿಸೆಂಬರ್ 10ರಂದು, ಅರಬ್ಬಿ ಸಮುದ್ರದ ಮೇಲೆ ಗಸ್ತು ತಿರುಗುತ್ತಿದ್ದ ನೌಕಾಪಡೆಯ ಅಲಿಝೆ ವಿಮಾನವನ್ನು ಪಾಕಿಸ್ತಾನದ ಯುದ್ಧವಿಮಾನ ಹೊಡೆದುರುಳಿಸಿತು. ಅದರಲ್ಲಿದ್ದ ಮೂವರೂ ಸಿಗಲಿಲ್ಲ. ಆ ಯುದ್ಧದಲ್ಲಿ ಕಾಣೆಯಾಗಿ ಪಾಕಿಸ್ತಾನದ ಜೈಲುಗಳಲ್ಲಿ ಬದುಕಿರಬಹುದು ಎಂದು ನಂಬಲಾದ 54 ಮಂದಿಯ ಪಟ್ಟಿ ಸಂಸತ್ತಿನವರೆಗೂ ಹೋಯಿತು. ಹೆಂಡತಿಯರು ಮುದುಕಿಯರಾಗುವ ತನಕ ಕಾದರು. ಏನಾಯಿತು ಎಂದು ಯಾರಾದರೂ ಎದುರು ಕೂತು ಬಿಡಿಸಿ ಹೇಳುವವರೆಗೆ ಕಾಯುವುದು ನಿಲ್ಲುವುದಿಲ್ಲ.

ಆಚೆಯವರ ಮಾತನ್ನೂ ಆಡಬೇಕು, ನಿನಗೆ ಬೇಸರವಾಗದಿದ್ದರೆ. ಡಿಸೆಂಬರ್ 3–4ರ ರಾತ್ರಿ ವಿಶಾಖಪಟ್ಟಣದ ಹೊರಗೆ ಅವರ ಜಲಾಂತರ್ಗಾಮಿ ಘಾಜಿ ಮುಳುಗಿತು, 93 ಜನ ಅದರೊಳಗಿದ್ದರು. ಒಬ್ಬನೂ ಉಳಿಯಲಿಲ್ಲ. ಕರಾಚಿಯ ಹೊರಗೆ ನಮ್ಮ ಕ್ಷಿಪಣಿಗೆ ಸಿಕ್ಕ ಅವರ ಯುದ್ಧನೌಕೆ ಖೈಬರ್‌ನಲ್ಲಿ 200ಕ್ಕೂ ಹೆಚ್ಚು ಮಂದಿ ಹೋದರು. ಅವರಲ್ಲೂ ಕಿವಿಗೆ ಹೆಡ್‌ಫೋನ್ ಹಾಕಿ ಕೂತ ಹುಡುಗರಿದ್ದರು. ನಿಮ್ಮನ್ನು ಮುಳುಗಿಸಿದ ಹ್ಯಾಂಗೊರ್ ಈಗ ಕರಾಚಿಯ ವಸ್ತುಸಂಗ್ರಹಾಲಯದಲ್ಲಿದೆ, ಶಾಲೆಯ ಮಕ್ಕಳು ಟಿಕೆಟ್ ತೆಗೆದುಕೊಂಡು ನೋಡುತ್ತಾರೆ. ನಿಮ್ಮ ಹೆಸರು ಹೊತ್ತ ಇನ್ನೊಂದು ಖುಕ್ರಿ 1989ರಲ್ಲಿ ಸೇವೆಗೆ ಬಂದು 2021ರ ಡಿಸೆಂಬರಿನಲ್ಲಿ ನಿವೃತ್ತಿಯಾಯಿತು. ಅದನ್ನು ದೀವ್‌ಗೆ ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅಲ್ಲೇ ಗುಡ್ಡದ ಮೇಲೆ ನಿಮ್ಮ ಹಡಗಿನ ಪುಟ್ಟ ಪ್ರತಿಕೃತಿಯನ್ನು ಗಾಜಿನೊಳಗೆ ಇಟ್ಟ ಸ್ಮಾರಕವೂ ಇದೆ, ಎದುರಿಗೆ ಸಮುದ್ರ. ಪ್ರವಾಸಿಗಳು ಬರುತ್ತಾರೆ, ಸೆಲ್ಫಿ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಎರಡೂ ದೇಶಗಳಲ್ಲಿ ಹಡಗುಗಳಿಗೆ ಒಳ್ಳೆಯ ಜಾಗ ಸಿಕ್ಕಿದೆ.

ದಿಲ್ಲಿಯಲ್ಲಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆಯಿತು. ಅಲ್ಲಿ ಕಂಚಿನಲ್ಲಿ ಮಾಡಿದ ಆರು ಭಿತ್ತಿಶಿಲ್ಪಗಳಿವೆ, ಒಂದೊಂದು ಒಂದೊಂದು ಪ್ರಸಿದ್ಧ ಕದನದ್ದು. ನೌಕಾಪಡೆಯ ಪಾಲಿಗೆ ಬಂದದ್ದು ಟ್ರೈಡೆಂಟ್. ಸೈನ್ಯದವರ ಶಿಲ್ಪಗಳಲ್ಲಿ ರೆಜಾಂಗ್ ಲಾ ಇದೆ ನೋಡು. 1962ರಲ್ಲಿ ಹೆಚ್ಚುಕಡಿಮೆ ಇಡೀ ತುಕಡಿಯೇ ಮಡಿದ ಜಾಗ. ಸೋತ ಕದನವನ್ನೂ ಕಂಚಿನಲ್ಲಿ ಕೆತ್ತಬಹುದು ಎಂಬುದು ಸೈನ್ಯಕ್ಕೆ ಗೊತ್ತಿತ್ತು. ನೌಕಾಪಡೆಗೆ ಯಾಕೆ ಖುಕ್ರಿ ನೆನಪಾಗಲಿಲ್ಲ ಎಂದು ನಾನು ಕೇಳಿದರೆ ಅದು ದೂರಲ್ಲ, ಬೇಡಿಕೆ.

ಆಗಬೇಕಾದದ್ದು ದೊಡ್ಡದೇನೂ ಇಲ್ಲ ಅಣ್ಣಾ. ಕೊಚ್ಚಿಯ ಆ ಶಾಲೆಯಲ್ಲಿ ಪ್ರತಿ ತಂಡಕ್ಕೂ ಮೊದಲ ಪಾಠವಾಗಿ ಖುಕ್ರಿಯ ಆ ರಾತ್ರಿಯನ್ನು, ಯಾರದೂ ಮುಖ ಉಳಿಸಲು ಹೋಗದೆ, ನಿಮಿಷ ನಿಮಿಷಕ್ಕೆ ಹೇಳಿಕೊಡಲಿ. 194 ಹೆಸರುಗಳ ಪಟ್ಟಿಯನ್ನು ಜಿಲ್ಲೆವಾರು ಬಿಡಿಸಿ, ಆಯಾ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಗೋಡೆಗೆ, ಹುಡುಗ ಓದಿದ ಶಾಲೆಯ ಗೋಡೆಗೆ ಹಾಕಲಿ. ಮಲ್ಪೆ, ಮೂಲ್ಕಿ ಹಡಗುಗಳು ಮೊದಲ ಸಲ ದೀವ್ ಕಡೆ ಹಾಯುವಾಗ ಆ ನೀರಿಗೆ ಒಂದು ಪುಷ್ಪಚಕ್ರ ಬಿಡಲಿ. ಇಷ್ಟನ್ನು ಕೇಳಲು ಐವತ್ತು ವರ್ಷಕ್ಕೂ ಹೆಚ್ಚು ತಡಮಾಡಿದ್ದು ನಮ್ಮದು.

ಇಂತಿ,
ತುಂಬದ ದಂಡೆಯ ಒಬ್ಬ ಕನ್ನಡಿಗ

ಓದುಗರಿಗೆ ಒಂದು ಮಾತು: ನಿಮ್ಮ ಊರಿನಲ್ಲಿ, ಪಕ್ಕದ ಊರಿನಲ್ಲಿ ಖುಕ್ರಿಯಲ್ಲಿ ಹೋದವರ ಮನೆ ಇದ್ದರೆ ಬರುವ ಡಿಸೆಂಬರ್ 9ರಂದು ಅಲ್ಲಿಗೊಮ್ಮೆ ಹೋಗಿ ಬನ್ನಿ. ಕ್ಯಾಪ್ಟನ್ ಮುಲ್ಲಾ ಅವರ ಕಥೆಯನ್ನು ನೀವು ಹೇಳುವುದು ಬೇಡ, ಅದು ಅವರಿಗೆ ಗೊತ್ತು. ಅವರ ಹುಡುಗನ ಕಥೆಯನ್ನು ಅವರಿಂದಲೇ ಕೇಳಿ, ಒಪ್ಪಿದರೆ ಬರೆದಿಟ್ಟುಕೊಳ್ಳಿ. ಆ ಕಾಲದ ಹೆಂಡತಿಯರಿಗೆ ಈಗ ಎಪ್ಪತ್ತು ದಾಟಿದೆ. ಮುಂದಿನ ವರ್ಷ ನೋಡೋಣ ಎನ್ನಬೇಡಿ.